ಹಿತ್ತಿಲ ಬಾಗಿಲಿಗೂ ಅದೇ ಪ್ರಶ್ನೆ

ನಮ್ಮವ್ವ ಕೊನೆಯವರೆಗೂ ನಾನು ಕಾಲುವೆಗೆ ನೀರು ಬಿಡುವ ಕೆಲಸದಲ್ಲಿದ್ದೇನೆ ಎಂದೇ ನಂಬಿದ್ದಳು. ಸುರಪುರದ ನಮ್ಮ ಓಣಿಯಲ್ಲಿ ಯಾರಾದರೂ "ನಿಮ್ಮ ರೇಣುಕಾ ಏನ್ ಕೆಲಸ ಮಾಡ್ತಾಳ್ರಿ?" ಎಂದು ಕೇಳಿದರೆ, "ನೀರು ಬಿಡ್ತಾಳ, ಮತ್ತ ಬಂದ್ ಮಾಡ್ತಾಳ" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ತಿದ್ದಲು ಹೋಗಿ ಸೋತೆ. ಆಮೇಲೆ ಯೋಚಿಸಿದರೆ ಅವಳು ಹೇಳಿದ್ದು ಪೂರ್ತಿ ತಪ್ಪೇನೂ ಆಗಿರಲಿಲ್ಲ. ಕಾಲುವೆಯ ಗೇಟಿಗೆ ಹಚ್ಚಿದ ಪೆಟ್ಟಿಗೆಯೊಳಗೆ ಯಾವ ಮಾತನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನೋಡುವುದು ನನ್ನ ಕೆಲಸ. ಅಲ್ಲಿ ಮಾತು ಹೋದಂತೆ ಹೊರಗೆ ನೀರು ಹೋಗುತ್ತಿತ್ತು.

ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಯಾದಗಿರಿ, ಶಹಾಪುರದ ಕಾಲೇಜುಗಳಲ್ಲಿ ಓದಿ ಮುಗಿಸಿದ ಹುಡುಗ ಹುಡುಗಿಯರು ಆಗಾಗ ಬಂದು, "ಅಕ್ಕಾರ, ಈ ಕೆಲಸ ಖರೇನ ಹ್ಯಾಂಗಿರ್ತದ?" ಎಂದು ಕೇಳುತ್ತಾರೆ. ಪುಸ್ತಕದಲ್ಲಿರುವುದನ್ನು ಅವರು ಪುಸ್ತಕದಲ್ಲೇ ಓದಿಕೊಳ್ಳಲಿ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತೆಂಬುದು ನನಗೇ ಸರಿಯಾಗಿ ನೆನಪಿಲ್ಲ. ನೆನಪಿರುವುದು ಖಾದರ್ ಸಾಹೇಬರ ಬೈಗುಳ, ಮಲ್ಲುವಿನ ಎಡವಟ್ಟು ಮತ್ತು ಹಣಮಂತಣ್ಣನ ಗೇಟು. ಅದನ್ನೇ ಬರೆಯುತ್ತೇನೆ.

ಖಾದರ್ ಸಾಹೇಬರು ನಮ್ಮ ಕಂಪನಿಯ ಮಾಲೀಕರು. ಕಂಪನಿ ಎಂದರೆ ದೊಡ್ಡ ಕಟ್ಟಡವನ್ನು ನೆನೆಸಿಕೊಳ್ಳಬೇಡಿ. ಶಹಾಪುರದ ಒಂದು ಸಂದಿಯಲ್ಲಿ, ಕೆಳಗೆ ಟೈರಿನ ಅಂಗಡಿ, ಮೇಲೆ ನಾವು. ನೀರು ಬಳಕೆದಾರರ ಸಂಘಗಳಿಗೆ ಕಾಲುವೆ ಗೇಟು ಎತ್ತಿಳಿಸುವ ಪೆಟ್ಟಿಗೆ ಮಾಡಿಕೊಡುತ್ತಿದ್ದೆವು. ನಾನು ಕೆಲಸ ಕೇಳಿಕೊಂಡು ಹೋದ ದಿನ ಸಾಹೇಬರು ಮುಚ್ಚಿದ ಪೆಟ್ಟಿಗೆಯೊಂದನ್ನು ಮುಂದೆ ತಳ್ಳಿ, "ಇದರಾಗ ಎಷ್ಟು ಬಾಗಿಲಾ ಅದಾವ, ಹೇಳು ಬೇಟಿ" ಎಂದರು.

"ತೆಗೆದು ನೋಡಬೇಕಾಗ್ತದ್ರಿ" ಎಂದೆ.

"ಶಾಬಾಸ್. ತೆಗಿಯದನ ಎಣಿಸಿದವ್ರು ಬಂದಿದ್ರು. ಚಾ ಕುಡಿಸಿ ಕಳಿಸೀನಿ."

ಆ ಪ್ರಶ್ನೆ ಮುಂದೆ ಇಷ್ಟು ದೂರ ನಮ್ಮ ಬೆನ್ನು ಹತ್ತಿ ಬರುತ್ತದೆಂದು ಅವರಿಗೂ ಗೊತ್ತಿರಲಿಲ್ಲ.

ಪೆಟ್ಟಿಗೆ ಬರುವುದಕ್ಕೆ ಮೊದಲು ಪದ್ಧತಿ ಬೇರೆ ಇತ್ತು. ಯಾವ ಹಳ್ಳಿಗೆ ಯಾವ ದಿನ ನೀರು ಎಂದು ಸಂಘ ಪಾಳಿ ಗೊತ್ತು ಮಾಡುತ್ತಿತ್ತು. ಒಬ್ಬರು ಸೈಕಲ್ ತುಳಿದುಕೊಂಡು ಹೋಗಿ ಗೇಟು ಕಾಯುವ ಲಸ್ಕರನಿಗೆ ಹೇಳಿ ಬರಬೇಕಿತ್ತು. ಆಮೇಲೆ ಫೋನು ಬಂತು. ಆಮೇಲೆ ನಮ್ಮ ಪೆಟ್ಟಿಗೆ ಬಂತು, ಅದರಲ್ಲೊಂದು ಪುಟ್ಟ ಕಂಪ್ಯೂಟರು. ಒಳಗೆ ಎರಡು ಮುಖ್ಯ ಪ್ರೋಗ್ರಾಂಗಳು. ಒಂದು ಮೋಟಾರು ತಿರುಗಿಸಿ ಗೇಟು ಎತ್ತುವುದು, ಇನ್ನೊಂದು ಹೊರಗಿನ ಫಲಕದ ಮೇಲೆ ಇವತ್ತು ಯಾರ ಪಾಳಿ ಎಂದು ತೋರಿಸುವುದು. ಇವೆರಡರ ನಡುವೆ ಕರ್ನಲ್. ಕರ್ನಲ್ ಎಂದರೆ ಕಂಪ್ಯೂಟರಿನ ಮನೆಯ ಯಜಮಾನ. ಯಾವ ಪ್ರೋಗ್ರಾಂ ಆದರೂ ಇನ್ನೊಂದರ ಜೊತೆ ಮಾತಾಡಬೇಕಾದರೆ ಯಜಮಾನನ ಹತ್ತಿರ ಒಂದು ಬಾಗಿಲು ಕೇಳಿ ಪಡೆಯಬೇಕು. ಅದಕ್ಕೆ ನಮ್ಮವರು ಸಾಕೆಟ್ ಎನ್ನುತ್ತಾರೆ. ಫಲಕದ ಪ್ರೋಗ್ರಾಂ ಗೇಟಿನ ಪ್ರೋಗ್ರಾಂಗೆ ಆಜ್ಞೆ ಕೊಡಬಾರದು ಎಂಬ ಕಾವಲನ್ನು ಕರ್ನಲ್‌ನಲ್ಲಿ ಕೂರಿಸುವುದು ನನ್ನ ಮತ್ತು ಮಲ್ಲುವಿನ ಪಾಲಿಗೆ ಬಂದಿತ್ತು.

ಮಲ್ಲು ಎಂದರೆ ಮಲ್ಲಿಕಾರ್ಜುನ, ಕೋಟೆ ಇರುವ ವನದುರ್ಗದವನು, ನನಗಿಂತ ಹತ್ತಾರು ವರ್ಷ ಚಿಕ್ಕವನು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. "ನಾವು ಕೋಟಿ ಊರವ್ರು ಅಕ್ಕಾರ, ಕಾವಲ ಹ್ಯಾಂಗ ಹಾಕಬೇಕು ನಮಗ ಕಲಿಸಬ್ಯಾಡ್ರಿ" ಎಂದು ಮೊದಲ ಕಾವಲನ್ನು ತಾನೇ ಬರೆದ. ಯಾರಿಗೂ ಏನೂ ಬಿಡಬೇಡ, ನಾನು ಹೆಸರು ಹೇಳಿದವರಿಗೆ ಮಾತ್ರ ಬಿಡು ಎಂಬ ನಿಯಮ. ನಿಯಮ ಚೆನ್ನಾಗಿಯೇ ಇತ್ತು. ಹೆಸರು ಹೇಳುವಾಗ ಗೇಟು ಎತ್ತುವ ಪ್ರೋಗ್ರಾಂನ ಹೆಸರನ್ನೇ ಬಿಟ್ಟಿದ್ದ.

ಹುಣಸಗಿಯ ಆಚೆಯ ಒಂದು ಉಪಕಾಲುವೆಯಲ್ಲಿ, ಹಂಗಾಮಿನ ಮೊದಲ ನೀರು ಬಿಡುವ ದಿನ, ಹಳ್ಳಿಯ ಜನರೆಲ್ಲ ದಂಡೆಯ ಮೇಲೆ ನೆರೆದಿದ್ದಾಗ, ಗೇಟು ಅಲುಗಾಡಲಿಲ್ಲ. ಖಾದರ್ ಸಾಹೇಬರು ಹೆಚ್ಚೇನೂ ಬೈಯಲಿಲ್ಲ. "ಕಾವಲ ಬರದಾಂವ ಕೈಲೆ ಎತ್ತಲಿ" ಎಂದು ಕಬ್ಬಿಣದ ಹ್ಯಾಂಡಲ್ ಅನ್ನು ಮಲ್ಲುವಿನ ಕೈಗೆ ಕೊಟ್ಟರು. ಅವತ್ತು ಅವನು ಹೊಸ ಬಿಳಿ ಪ್ಯಾಂಟು ಹಾಕಿಕೊಂಡು ಬಂದಿದ್ದ.

ಆ ಗೇಟಿನ ಲಸ್ಕರ್ ಹಣಮಂತಣ್ಣ. ತಲೆಗೆ ರುಮಾಲು, ಸೊಂಟದಲ್ಲಿ ಗೇಟಿನ ಕೀಲಿಕೈ. ಕಾಲುವೆಯಲ್ಲಿ ನೀರು ಹರಿಯತೊಡಗಿದ ವರ್ಷದಿಂದ ಆ ದಂಡೆಯ ಮೇಲೇ ಇದ್ದವನು. ಸೇತುವೆಯ ಕಟ್ಟೆಯ ಮೇಲೆ ಕೂತು, ಬೆವರಿಳಿಸುತ್ತಿದ್ದ ಮಲ್ಲುವನ್ನು ನೋಡಿ, "ಕರ್ನಲ್ ಸಾಹೇಬ್ರ, ಇನ್ನ ಗೇಣರೆ ಎದ್ದಿಲ್ರಿ, ಜರಾ ಜೋರ್ ಹಚ್ಚರಿ" ಎಂದ. ದಂಡೆಯೆಲ್ಲ ನಕ್ಕಿತು. ಅಂದಿನಿಂದ ಮಲ್ಲು ಆ ಸುತ್ತಿನ ಹಳ್ಳಿಗಳಿಗೆಲ್ಲ ಕರ್ನಲ್ ಸಾಹೇಬನಾದ. ಸಂತೆಯಲ್ಲಿ ಬದನೆಕಾಯಿ ಮಾರುವವರೂ ಹಾಗೇ ಕರೆಯುತ್ತಿದ್ದರು.

ನಗು ಒಳ್ಳೆಯದೇ. ಆದರೆ ಆ ದಿನದ ಹೆದರಿಕೆ ನಮ್ಮೊಳಗೆ ಉಳಿಯಿತು. ಇನ್ನೊಮ್ಮೆ ಗೇಟು ಸಿಕ್ಕಿಕೊಳ್ಳಬಾರದೆಂದು ನಿಯಮವನ್ನು ತಿರುಗಿಸಿ ಬರೆದೆವು. ಯಾರನ್ನು ತಡೆಯಬೇಕೋ ಅವರ ಹೆಸರು ಹೇಳುವುದು, ಉಳಿದವರನ್ನು ಬಿಟ್ಟುಬಿಡುವುದು. ಪ್ರೋಗ್ರಾಂಗಳು ಮಾತಾಡುವ ರೀತಿಗಳು ಬೇರೆ ಬೇರೆ. ಟಿಸಿಪಿ ಎಂಬುದು ಫೋನಿನಲ್ಲಿ ಮಾತಾಡಿದ ಹಾಗೆ, "ಕೇಳಸ್ತದೇನ್ರಿ?" ಎಂದು ಕೇಳಿ, ಆ ಕಡೆಯಿಂದ ಹ್ಞೂಂ ಬಂದ ಮೇಲೆ ಮಾತು. ಯುಡಿಪಿ ಎಂಬುದು ಈ ದಂಡೆಯಿಂದ ಆ ದಂಡೆಗೆ ಕೂಗಿದ ಹಾಗೆ, ಕೇಳಿಸಿದರೆ ಕೇಳಿಸಿತು, ಇಲ್ಲದಿದ್ದರೆ ಇಲ್ಲ. ಫಲಕದ ಪ್ರೋಗ್ರಾಂ ಟಿಸಿಪಿಯಲ್ಲಿ ಬಂದರೆ ತಡೆ, ಯುಡಿಪಿಯಲ್ಲಿ ಬಂದರೂ ತಡೆ ಎಂದು ಬರೆದೆವು. ನಮಗೆ ಗೊತ್ತಿದ್ದ ಬಾಗಿಲು ಅವೆರಡೇ.

ಹಲವು ವರ್ಷ ಎಲ್ಲ ಸುಸೂತ್ರವಾಗಿ ನಡೆಯಿತು. ಕಾಲುವೆಯ ಮೇಲೆ ಮೊಬೈಲ್ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಹಾಗಾಗಿ ಪೆಟ್ಟಿಗೆಗೆ ಎರಡು ಬೇರೆ ಬೇರೆ ಸಿಮ್ ಹಾಕಿ, ಒಂದೇ ಮಾತು ಎರಡು ದಾರಿಯಲ್ಲಿ ಹೋಗುವಂತೆ ಮಾಡುವ ಹೊಸ ರೀತಿ ಬಂದಾಗ ನಾವು ಸಂತೋಷದಿಂದ ತೆಗೆದುಕೊಂಡೆವು. ಅದರ ಹೆಸರು ಎಂಪಿಟಿಸಿಪಿ. ಒಂದು ದಾರಿ ಕಡಿದರೆ ಇನ್ನೊಂದರಲ್ಲಿ ಮಾತು ಮುಂದುವರಿಯುತ್ತದೆ. ಸಂಘಗಳವರು ಫಲಕ ಈಗ ಆರುವುದೇ ಇಲ್ಲ ಎಂದು ಹೊಗಳಿದರು. ಸಾಹೇಬರು ಎಲ್ಲರಿಗೂ ಬಿರಿಯಾನಿ ತರಿಸಿದರು, ನನಗೊಬ್ಬಳಿಗೆ ಪಲಾವು.

ಬಿರಿಯಾನಿ ತಿಂದ ಕೈ ಆರುವ ಮೊದಲೇ ಸುದ್ದಿ ಬಂತು. ಹಣಮಂತಣ್ಣನ ಗೇಟಿನಲ್ಲಿ ಪಾಳಿ ತಪ್ಪಿ ನೀರು ಹೋಗಿದೆ. ಅಲ್ಲಿ ಒಂದೇ ಪೆಟ್ಟಿಗೆಗೆ ಎರಡು ಗೇಟು, ಮೇಲಿನ ಹಳ್ಳಿಗೊಂದು, ತುದಿಯ ಹಳ್ಳಿಗೊಂದು. ಅವತ್ತು ಕಾಲುವೆಯ ತುದಿಯಲ್ಲಿರುವ ಹಳ್ಳಿಯ ಪಾಳಿ. ಹಣಮಂತಣ್ಣ ಊಟಕ್ಕೆ ಮನೆಗೆ ಹೋಗಿದ್ದ. ಅವನು ಬರುವಷ್ಟರಲ್ಲಿ ಮೇಲಿನ ಹಳ್ಳಿಯ ಗೇಟು ತೆರೆದು, ನೀರೆಲ್ಲ ಅಲ್ಲಿಯ ಗದ್ದೆಗಳಿಗೆ ನುಗ್ಗಿತ್ತು. ಮೊದಲು ತುಂಬಿದ್ದು ಅವನ ಅಳಿಯನ ಗದ್ದೆ, ಏಕೆಂದರೆ ಅದೇ ಕಾಲುವೆಗೆ ಹತ್ತಿರ.

ಇಷ್ಟು ಸಾಕಾಯಿತು. "ಬೇಲೀನ ಎದ್ದು ಹೊಲಾ ಮೇದಂಗಾತು" ಎಂದು ತುದಿಯ ಹಳ್ಳಿಯವರು ಸಂಘದ ಅಧ್ಯಕ್ಷ ಶಾಂತಗೌಡರ ಮನೆಗೆ ಹೋದರು. ಗೌಡರು ನಮ್ಮನ್ನು ಕೇಳಿದರು. ಫಲಕದ ಪ್ರೋಗ್ರಾಂನಿಂದ ಆಜ್ಞೆ ಹೋಗಲು ಕರ್ನಲ್ ಬಿಡುವುದಿಲ್ಲ, ಗೇಟಿನ ಪ್ರೋಗ್ರಾಂನ ಪಾಳಿ ಸರಿಯಿದೆ, ಹಾಗಾಗಿ ಪೆಟ್ಟಿಗೆ ಗೇಟು ತೆರೆದಿರಲಾರದು ಎಂದು ಖಾದರ್ ಸಾಹೇಬರು ಎದೆ ತಟ್ಟಿ ಹೇಳಿದರು. ಪೆಟ್ಟಿಗೆ ಅಲ್ಲದಿದ್ದರೆ ಕೈ. ಹ್ಯಾಂಡಲ್ ಹಚ್ಚಲು ಗೇಟಿನ ಬೀಗ ತೆಗೆಯಬೇಕು, ಅದರ ಕೀಲಿಕೈ ಇದ್ದದ್ದು ಒಬ್ಬನ ಸೊಂಟದಲ್ಲಿ. ಗೌಡರು ಅದನ್ನು ಬಿಚ್ಚಿಸಿಕೊಂಡರು. ಮುಂದಿನ ಸೋಮವಾರ ದಂಡೆಯ ಮೇಲೆ ಸಭೆ, ಅಲ್ಲಿ ಅವನನ್ನು ಕೆಲಸದಿಂದ ತೆಗೆಯುವುದು ಎಂದಾಯಿತು. ನಮ್ಮಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಎಲ್ಲರಿಗೂ ಬಿಡುವಿರುತ್ತದೆ.

ನಾನು ಇದನ್ನು ನಂಬಲಿಲ್ಲ. ಅವನ ಮೇಲೆ ನನಗೆ ಪ್ರೀತಿ ಇತ್ತು, ಅದನ್ನು ಮುಚ್ಚಿಡುವುದೇಕೆ. ಮಲ್ಲುವನ್ನು ಕರೆದುಕೊಂಡು ಹೋಗಿ ಪೆಟ್ಟಿಗೆ ಬಿಚ್ಚಿ ನೋಡಿದೆ, ಏನೂ ಸಿಗಲಿಲ್ಲ. ಗೇಟು ತೆರೆದಿದೆ ಎಂದಷ್ಟೇ ಪೆಟ್ಟಿಗೆ ಹೇಳುತ್ತಿತ್ತು, ಕೈಯೋ ಮೋಟಾರೋ ಎಂದು ಹೇಳುವಷ್ಟು ಜಾಣತನ ಆಗ ಅದಕ್ಕಿರಲಿಲ್ಲ. ಕೊನೆಗೆ ತಿಂಥಣಿ ರಸ್ತೆಯಲ್ಲಿರುವ ಅವನ ಮನೆಗೇ ಹೋದೆವು. ಮಲ್ಲು ದಾರಿಯಲ್ಲಿ ಗದ್ದೆಯ ರಾಡಿಗೆ ಮೊಣಕಾಲತನಕ ಹೂತು, ಕಾಲೆಲ್ಲ ಕೆಸರು ಮಾಡಿಕೊಂಡಿದ್ದ. "ಕಾಲು ತೊಳಕೊಂಡು ಬರ್ತೀನ್ರಿ" ಎಂದು ಹಿತ್ತಿಲ ಕಡೆಗೆ ಸುತ್ತುಹಾಕಿ ಹೋದ.

ನಾನು ಮುಂಬಾಗಿಲಲ್ಲಿ ನಿಂತೆ. ಹಣಮಂತಣ್ಣನ ಹೆಂಡತಿ ದೇವಮ್ಮ ಹೊಸ್ತಿಲ ಒಳಗೆ ಸೆರಗು ಸರಿಮಾಡಿಕೊಂಡು ನಿಂತಳು. ಅವಳಿಗೆ ಕಣ್ಣು ಮಂಜು.

"ಯಾವೂರವ್ವ?"

"ಸುರಪುರದ್ರಿ."

"ಯಾರ ಪೈಕಿ?"

ಹೇಳಿದೆ.

"ತಾಯಿ ತವರು ಯಾವುದು? ಇಲ್ಲಿಗಿ ಯಾರು ಕಳಿಸ್ಯಾರ? ನಮ್ಮ ಮನಿಯವ್ರ ಮ್ಯಾಲ ಮಾತು ಹೇಳಾಕ ಬಂದೀಯೋ, ಕೇಳಾಕ ಬಂದೀಯೋ?"

"ಕೇಳಾಕ ಬಂದೀನ್ರಿ."

ಆಮೇಲೆಯೇ ಅವಳು ಬದಿಗೆ ಸರಿದು, ಕಂಬಳಿ ಹಾಸಿ, ನೀರು ತರಲು ಒಳಗೆ ಹೋದದ್ದು. ಹಣಮಂತಣ್ಣ ಗೋಡೆಗೆ ಆನಿಕೊಂಡು ಕೂತಿದ್ದ. ಸೊಂಟ ಬರಿದಾಗಿತ್ತು. ನಾನು ಕಂಬಳಿಯ ಮೇಲೆ ಕೂರುವಷ್ಟರಲ್ಲಿ ಒಳಗಿನಿಂದ ಯಾರೋ ರೊಟ್ಟಿ ಮುರಿದು ತಿನ್ನುವ ಸದ್ದು ಕೇಳಿಸಿತು. ಬಗ್ಗಿ ನೋಡಿದರೆ ಒಲೆಯ ಪಕ್ಕದಲ್ಲಿ ಮಲ್ಲು ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ಕೈಯಲ್ಲಿ ಜೋಳದ ರೊಟ್ಟಿ, ಮೇಲೆ ಪುಂಡಿಪಲ್ಯ, ಶೇಂಗಾಹಿಂಡಿ.

"ದೇವಮ್ಮಾರ, ಅಂವ ಯಾರಂತ ಊಟಕ್ಕ ಹಾಕೀರಿ?" ಎಂದು ಕೇಳಿದೆ.

"ಹಿತ್ತಲದಿಂದ ಬಂದಾನ, ಕಾಲು ತೊಳಕೊಂಡಾನ, ಒಲಿ ಮುಂದ ಕುಂತಾನ. ಮನೀ ಮಂದೀನ ಇರಬೇಕು. ತಿಂಥಣಿ ನಮ್ಮಣ್ಣನ ಮಗ ಅಂತ ಮಾಡಿದ್ದೆ" ಎಂದಳು. "ಹಿತ್ತಲದಿಂದ ಬಂದವ್ರನ್ನ ಯಾವೂರು ಅಂತ ಯಾರರೆ ಕೇಳ್ತಾರೇನು?"

ಹಣಮಂತಣ್ಣ ನಕ್ಕುಬಿಟ್ಟ. ಕೀಲಿಕೈ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲಂತೆ. "ಏ ಇವ್ಳ, ಅಂವ ನಮ್ಮ ಕರ್ನಲ್ ಸಾಹೇಬ" ಎಂದ. ನಾನೂ ನಕ್ಕೆ. ನಗುತ್ತಿರುವಾಗಲೇ ಒಂದು ಹೊಳೆಯಿತು. ನಮ್ಮ ಪೆಟ್ಟಿಗೆಯೂ ಇಂಥದೇ ಮನೆ. ಮುಂಬಾಗಿಲಲ್ಲಿ ಊರು ಕೇರಿ ಎಲ್ಲ ಕೇಳುತ್ತದೆ. ಹೊಸದಾಗಿ ತೆರೆದ ಹಿತ್ತಿಲಲ್ಲಿ ಕೇಳು ಎಂದು ಯಾರು ಹೇಳಿದ್ದರು?

"ಮಲ್ಲು, ಏಳು" ಎಂದೆ.

"ರೊಟ್ಟಿ ಮುಗಿಸಿ ಬರ್ತೀನ್ರಿ ಅಕ್ಕಾರ."

"ಕೈಯಾಗ ಹಿಡಕೊಂಡು ಬಾ."

ಅವತ್ತೇ ಶಹಾಪುರಕ್ಕೆ ಬಂದು ಪರೀಕ್ಷೆ ಮಾಡಿದೆವು. ಫಲಕದ ಪ್ರೋಗ್ರಾಂಗೆ ಒಂದು ಹಳೆಯ ಚಾಳಿ ಉಳಿದಿತ್ತು. ಒಂದು ಕಾಲಕ್ಕೆ ಗೇಟಿನ ಕೆಲಸವನ್ನೂ ಅದೇ ಮಾಡುತ್ತಿತ್ತು. ಕೆಲಸ ಬೇರೆ ಮಾಡಿದಾಗ, ಕರ್ನಲ್ ತಡೆಯುತ್ತದಲ್ಲ ಎಂದು ಅದರೊಳಗಿನ ಆಜ್ಞೆಯನ್ನು ಯಾರೂ ಕಿತ್ತುಹಾಕಿರಲಿಲ್ಲ. ಹಿಂದಿನ ಹಂಗಾಮಿನ ಪಾಳಿಯನ್ನೇ ನೆನಪಿಟ್ಟುಕೊಂಡು ಅದು ಪ್ರತಿ ಪಾಳಿಗೂ "ಗೇಟು ತೆಗೆ" ಎನ್ನುತ್ತಲೇ ಇತ್ತು, ಕರ್ನಲ್ ಸುಮ್ಮನೆ ತಡೆಯುತ್ತಲೇ ಇತ್ತು. ಈಗ ಎಂಪಿಟಿಸಿಪಿಯ ಬಾಗಿಲು ಸಿಕ್ಕಿತು. ನಮ್ಮ ಕಾವಲು ಹೆಸರು ನೋಡಿತು. ಟಿಸಿಪಿ ಅಲ್ಲ, ಯುಡಿಪಿ ಅಲ್ಲ, ಹಾಗಾದರೆ ನನಗೆ ಸಂಬಂಧವಿಲ್ಲ, ಹೋಗು ಎಂದಿತು. ಗೇಟಿನ ಪ್ರೋಗ್ರಾಂಗೆ ಎರಡು ದಾರಿಯ ಮಾತು ಬಾರದಿದ್ದರೂ ತೊಂದರೆಯಾಗಲಿಲ್ಲ, ಅಂಥಲ್ಲಿ ಎಂಪಿಟಿಸಿಪಿ ತಾನೇ ಸಾದಾ ಟಿಸಿಪಿಯಾಗಿ ಮಾತಾಡುತ್ತದೆ. ತಡೆಯಬೇಕಾದವನೇ ಬೇರೆ ರುಮಾಲು ಸುತ್ತಿಕೊಂಡು ಒಳಗೆ ಹೋಗಿದ್ದ.

ಮೇಜಿನ ಮೇಲಿನ ಮೋಟಾರು ತಾನಾಗಿ ತಿರುಗಿದಾಗ ಮಲ್ಲು ಕುಣಿದುಬಿಟ್ಟ. ಖಾದರ್ ಸಾಹೇಬರು ಕುಣಿಯಲಿಲ್ಲ. ಕುರ್ಚಿಯಲ್ಲಿ ಕುಸಿದು, "ಯಾ ಅಲ್ಲಾ, ಎದಿ ತಟ್ಟಿ ಹೇಳಿ ಬಂದೀನಲ್ಲ" ಎಂದರು.

ಮಲ್ಲು ಆಗಲೇ ಕೀಲಿಮಣೆಯ ಮುಂದಿದ್ದ. "ಸಾಹೇಬ್ರ, ಚಿಂತಿ ಬ್ಯಾಡ್ರಿ. ಎಂಪಿಟಿಸಿಪಿ ಅಂತ ಇನ್ನೊಂದು ಹೆಸರು ಸೇರಿಸಿದ್ರ ಮುಗೀತು."

"ಮುಗಿಯಂಗಿಲ್ಲ" ಎಂದೆ ನಾನು. "ನಾಳಿ ನಾಕನೇ ಬಾಗಿಲಾ ಬರ್ತದ, ಆಗ ಇನ್ಯಾರದೋ ಸೊಂಟದ ಕೀಲಿಕೈ ಹೋಗ್ತದ."

ಇಲ್ಲಿ ನಮ್ಮಿಬ್ಬರಿಗೂ ಜೋರು ಜಗಳವಾಯಿತು. ಹೆಸರು ಹೇಳದವರನ್ನೆಲ್ಲ ತಡೆ ಎಂಬ ಹಳೆಯ ನಿಯಮಕ್ಕೆ ಮರಳೋಣ ಎಂದು ನಾನು. ಬಿಳಿ ಪ್ಯಾಂಟಿನ ದಿನ ಮರೆತಿರೇನು ಎಂದು ಅವನು. ಸಾಹೇಬರು ಇಬ್ಬರನ್ನೂ ಸುಮ್ಮನಾಗಿಸಿ, ನನ್ನ ಕಡೆ ತಿರುಗಿ, "ಇದರಾಗ ಎಷ್ಟು ಬಾಗಿಲಾ ಅದಾವ, ಹೇಳು ಬೇಟಿ" ಎಂದರು. ಅದೇ ಹಳೆಯ ಪ್ರಶ್ನೆ. ಈ ಸಲ ತೆಗೆದು ನೋಡಿದೆವು. ಕರ್ನಲ್ ಕೊಡಬಲ್ಲ ಸಾಕೆಟ್‌ಗಳ ಬಗೆಗಳನ್ನೆಲ್ಲ ಹುಡುಕಿ ಗೋಡೆಯ ಹಲಗೆಯ ಮೇಲೆ ಬರೆದರೆ ಹಲಗೆ ಸಾಲಲಿಲ್ಲ. ಎಸ್‌ಸಿಟಿಪಿಯಂತೆ ನಾವು ಒಮ್ಮೆಯೂ ಬಳಸದ ಎಷ್ಟೋ ರೀತಿಗಳು ಅಲ್ಲಿ ಬಾಗಿಲು ತೆರೆದುಕೊಂಡು ಕೂತಿದ್ದವು.

ಆಮೇಲೆ ಮಾಡಿದ್ದು ಇಷ್ಟು. ಬಾಗಿಲು ಬಾಗಿಲಿಗೆ ಬೇರೆ ಕಾವಲುಗಾರನನ್ನು ಇಡುವುದು ಬಿಟ್ಟು, ಯಾವ ರೀತಿಯಲ್ಲಿ ಬಂದರೂ ದಾಟಲೇಬೇಕಾದ ಪಡಸಾಲೆಯಲ್ಲಿ ಒಬ್ಬನನ್ನೇ ಕೂರಿಸಿದೆವು. ಪ್ರಶ್ನೆ ಒಂದೇ, ಎಲ್ಲರಿಗೂ ಅದೇ: ಯಾರು ನೀನು, ಯಾರ ಹತ್ತಿರ ಹೋಗುತ್ತೀ, ನಿನಗೆ ಅಪ್ಪಣೆ ಉಂಟೇ. ಉತ್ತರ ಗೊತ್ತಾಗದಿದ್ದರೆ ಒಳಗೆ ಬಿಡುವುದಿಲ್ಲ. ಮತ್ತೆ ಗೇಟು ಸಿಕ್ಕಿಕೊಳ್ಳದಂತೆ, ಹಲಗೆಯ ಮೇಲಿನ ಪ್ರತಿಯೊಂದು ರೀತಿಯಲ್ಲೂ ಎರಡೂ ಪರೀಕ್ಷೆ ಮಾಡಿದೆವು. ಹೋಗಬೇಕಾದವನು ಹೋಗುತ್ತಾನೆಯೇ, ನಿಲ್ಲಬೇಕಾದವನು ನಿಲ್ಲುತ್ತಾನೆಯೇ. ಎರಡನೆಯ ಪರೀಕ್ಷೆಯನ್ನು ಹಲವರು ಮಾಡುವುದಿಲ್ಲ. ಈ ಕೆಲಸಕ್ಕೆ ಬರುವವರು ಅದೊಂದನ್ನು ಮರೆಯಬೇಡಿ.

ಸೋಮವಾರ ದಂಡೆಯ ಮೇಲೆ ಎರಡೂ ಹಳ್ಳಿಯ ಜನ. ಹಣಮಂತಣ್ಣ ತಲೆ ತಗ್ಗಿಸಿ ಜಾಲಿ ಗಿಡದ ಕೆಳಗೆ ನಿಂತಿದ್ದ. ಪಕ್ಕದಲ್ಲಿ ದೇವಮ್ಮ. ಗೌಡರು ಮಾತು ಶುರು ಮಾಡುವ ಮೊದಲೇ ನಾನು ಎದ್ದು, "ಗೌಡ್ರ, ಕೀಲಿಕೈ ಎಲ್ಲಿ ಅದರಿ?" ಎಂದೆ.

"ನನ್ನ ಕಿಸೆದಾಗ ಅದ."

"ಎಲ್ಲಾರಿಗೂ ಕಾಣಂಗ ಕೈಯಾಗ ಹಿಡೀರಿ."

ಹಿಡಿದರು. ಪೆಟ್ಟಿಗೆಯಲ್ಲಿ ಇನ್ನೂ ಹಳೆಯ ಕಾವಲೇ ಇತ್ತು. ಮಲ್ಲು ಅದರ ದಿನಾಂಕವನ್ನು ನೀರು ತಪ್ಪಿದ ಆ ದಿನಕ್ಕೆ ತಿರುಗಿಸಿದ. ನಾವೆಲ್ಲ ಹಿಂದೆ ಸರಿದು ನಿಂತೆವು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೋಟಾರು ಗುರ್ ಎಂದಿತು. ಯಾರೂ ಮುಟ್ಟದೆ ಮೇಲಿನ ಹಳ್ಳಿಯ ಗೇಟು ಮೆಲ್ಲಗೆ ಎದ್ದಿತು, ಅದರ ಕೆಳಗಿನಿಂದ ನೀರು ನುಗ್ಗಿತು. ಗೌಡರು ತಮ್ಮ ಕೈಯಲ್ಲಿದ್ದ ಕೀಲಿಕೈಯನ್ನೂ ಗೇಟನ್ನೂ ಬದಲಿಸಿ ಬದಲಿಸಿ ನೋಡಿದರು.

ಗೇಟು ಇಳಿಸಿ, ಹೊಸ ಕಾವಲು ಹಾಕಿ, ಅದೇ ದಿನಾಂಕಕ್ಕೆ ಮತ್ತೆ ತಿರುಗಿಸಿದೆವು. ಗೇಟು ಕದಲಲಿಲ್ಲ. ತುದಿಯ ಹಳ್ಳಿಯ ಪಾಳಿಗೆ ತಿರುಗಿಸಿದೆವು, ಅವರ ಗೇಟು ತಪ್ಪದೆ ಎದ್ದಿತು.

ಖಾದರ್ ಸಾಹೇಬರು ಮುಂದೆ ಬಂದರು. ಅವರಿಗಿಂತ ದೊಡ್ಡ ದೊಡ್ಡ ಯಜಮಾನರನ್ನು ನಾನು ನೋಡಿದ್ದೇನೆ, ಇಂಥ ಜಾಗದಲ್ಲಿ ಒಬ್ಬರೂ ಬಾಯಿ ಬಿಟ್ಟದ್ದನ್ನು ನೋಡಿಲ್ಲ. "ಬೆಣ್ಣಿ ತಿಂದದ್ದು ನಮ್ಮ ಪೆಟ್ಟಿಗಿ" ಎಂದರು. "ನಾ ಅದನ್ನ ಹಣಮಂತಣ್ಣನ ಬಾಯಿಗಿ ಒರಸೀನಿ. ಮಾಫ್ ಮಾಡ್ರಿ."

ಗೌಡರು ಕೀಲಿಕೈಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದರು. ಹಣಮಂತಣ್ಣ ತೆಗೆದುಕೊಳ್ಳಲಿಲ್ಲ.

"ನೀವು ಕೊಡೋದು ಖರೆ ಅದರಿ ಗೌಡ್ರ. ಅಳಿಯನ ಸಲುವಾಗಿ ತುದಿ ಮಂದಿ ನೀರು ತಪ್ಪಿಸಾಂವ ನಾ ಅಲ್ಲ ಅಂತ ಅವ್ರು ಒಂದು ಮಾತು ಹೇಳಲಿ. ಆಮ್ಯಾಲ ತಗೋತೀನಿ."

ತುದಿಯ ಹಳ್ಳಿಯ ಮುದುಕಿಯೊಬ್ಬಳು ಎದ್ದು ಬಂದು ಗೌಡರ ಕೈಯಿಂದ ಕೀಲಿಕೈ ತೆಗೆದುಕೊಂಡಳು. "ನೀ ಕಾದಿದ್ದಕ್ಕ ನಮ್ಮ ಹೊಲಕ್ಕ ಇಷ್ಟು ವರ್ಷ ನೀರು ಬಂದಾದ ತಮ್ಮ, ನಮ್ಮ ನಾಲಿಗಿ ಜಾರ್‍ಯಾದ" ಎಂದು ತಾನೇ ಅವನ ಸೊಂಟದ ದಾರಕ್ಕೆ ಕಟ್ಟಿದಳು. ಹಣಮಂತಣ್ಣ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ. ನಾನೂ ಅತ್ತೆ, ಮಲ್ಲು ಅತ್ತ. ಆಮೇಲೆ ಹಣಮಂತಣ್ಣ ಸೇತುವೆಯ ಕಟ್ಟೆಯ ಮೇಲೆ ತನ್ನ ಜಾಗಕ್ಕೆ ಹೋಗಿ ಕೂತು, "ಕರ್ನಲ್ ಸಾಹೇಬ್ರ, ಈ ಸಲ ಹ್ಯಾಂಡಲ್ ಬ್ಯಾಡೇನ್ರಿ?" ಎಂದ. ಆ ದಿನ ದಂಡೆ ನಕ್ಕ ನಗೆ ಇನ್ನೂ ನನ್ನ ಕಿವಿಯಲ್ಲಿದೆ.

ನಾವು ಕಾವಲು ಹಾಕಿದ ಪೆಟ್ಟಿಗೆಗಳೆಲ್ಲಕ್ಕೂ ಅದೇ ಪಡಸಾಲೆಯ ಕಾವಲು ಹೋಯಿತು. ಮುಂದೆ ಹೊಸ ರೀತಿಗಳು ಬಂದವು, ಅವಕ್ಕೂ ಅದೇ ಪ್ರಶ್ನೆ. ಈಗ ಮಲ್ಲು ನನ್ನ ಕುರ್ಚಿಯಲ್ಲಿದ್ದಾನೆ. ಹೊಸಬರು ಯಾರೇ ಬಂದರೂ ಮುಚ್ಚಿದ ಪೆಟ್ಟಿಗೆ ಮುಂದಿಟ್ಟು ಬಾಗಿಲು ಎಣಿಸಲು ಹೇಳುತ್ತಾನಂತೆ.

ಕೆಲಸ ಬಿಟ್ಟ ಮೇಲೆ ಒಂದು ದಿನ ತಿಂಥಣಿಗೆ ಹೋಗುವಾಗ ದಾರಿಯಲ್ಲಿ ಇಳಿದೆ. ದೇವಮ್ಮನನ್ನು ಚೇಷ್ಟೆ ಮಾಡೋಣ ಎಂದು ಸದ್ದಿಲ್ಲದೆ ಹಿತ್ತಿಲಿಗೆ ಸುತ್ತಿ ಹೋಗಿ, ಕಾಲು ತೊಳೆದುಕೊಂಡು, ಒಲೆಯ ಪಕ್ಕದಲ್ಲಿ ಕೂತೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ, ಕೈ ನಿಲ್ಲಿಸಿದಳು.

"ಯಾವೂರು?"

"ಸುರಪುರದ್ರಿ."

"ಯಾರ ಪೈಕಿ?"

ಅಪ್ಪನ ಹೆಸರು ಬಾಯಿಗೆ ಬಂದಿತ್ತು. ಹೊರಗೆ ಹಣಮಂತಣ್ಣ ಸೊಂಟದ ಕೀಲಿಕೈ ಸದ್ದು ಮಾಡುತ್ತ ಊಟಕ್ಕೆ ಬರುತ್ತಿದ್ದ.

"ಹಣಮಂತಣ್ಣನ ಪೈಕೀರಿ" ಎಂದೆ.

ದೇವಮ್ಮ ಹೆಂಚಿನ ಮೇಲಿದ್ದ ಬಿಸಿ ರೊಟ್ಟಿ ತೆಗೆದು ನನ್ನ ಮುಂದೆ ಇಟ್ಟಳು.